ತಿಜೋರಿಯ ಮುಂದೆ ಕೈಕೊಟ್ಟ ನೆನಪಿಗೊಂದು ಬಹಿರಂಗ ದೂರು

ಇವರಿಗೆ,
ಘನತೆವೆತ್ತ ಮುಖ್ಯಾಧಿಕಾರಿಗಳು,
ನನ್ನ ನೆನಪಿನ ಕಚೇರಿ,
ಎರಡು ಕಿವಿಗಳ ನಡುವೆ, ಹಣೆಯ ಹಿಂಭಾಗ.

ಮಾನ್ಯರೇ,

ತಮಗೆ ಪಾದಗಳಿವೆಯೋ ಇಲ್ಲವೋ ಖಚಿತವಾಗಿ ತಿಳಿಯದಿದ್ದರೂ, ಇದ್ದರೆ ಅವುಗಳಿಗೆ ನಮಸ್ಕರಿಸಿ, ಇಲ್ಲದಿದ್ದರೆ ಆ ನಮಸ್ಕಾರವನ್ನು ತಮಗೆ ಅನುಕೂಲವಾದ ಕಡೆ ಸ್ವೀಕರಿಸಬೇಕೆಂದು ಕೋರಿ ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ಹುಟ್ಟಿದಂದಿನಿಂದ ತಮ್ಮೊಂದಿಗೆ ಒಂದೇ ಸೂರಿನಡಿ ವಾಸವಾಗಿದ್ದರೂ ತಮಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ಹಿಂದೆಯೂ ಬರೆದಿದ್ದು, ತಾವದನ್ನು ಎಲ್ಲೋ ಬೀಳಿಸಿಕೊಂಡಿದ್ದರೆ, ಅದನ್ನು ಪತ್ತೆ ಹಚ್ಚಲು ಮತ್ತೆ ತಮ್ಮನ್ನೇ ಕೇಳಬೇಕಾದ್ದರಿಂದ ಆ ಚರ್ಚೆ ಬೇಡ. ಮನೆಯ ಜಗಳವನ್ನು ಬೀದಿಗೆ ತಂದಳು ಎಂದು ತಾವು ಬೇಸರಿಸಬಾರದು. ಗುಟ್ಟಾಗಿ ಹೇಳಿಕೊಂಡದ್ದನ್ನೆಲ್ಲ ತಾವು ಮರೆತಿದ್ದೀರಿ, ಬಹಿರಂಗವಾಗಿ ಬರೆದರೆ ಓದಿದವರಲ್ಲಿ ಒಬ್ಬರಾದರೂ ನೆನಪಿಟ್ಟುಕೊಂಡಾರು ಎಂಬ ಆಸೆಯಷ್ಟೇ.

ದೂರಿಗೆ ಮೊದಲು ಮೆಚ್ಚುಗೆ ಸಲ್ಲಿಸುವುದು ಧರ್ಮ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ರೇಡಿಯೋದಲ್ಲಿ ಬರುತ್ತಿದ್ದ ಬಟ್ಟೆ ಸೋಪಿನ ಹಾಡನ್ನು ತಾವು ಒಂದಕ್ಷರ ಸವೆಯದಂತೆ, ಕೊನೆಯಲ್ಲಿ ಬರುವ ನೊರೆಯ ಸದ್ದಿನ ಸಮೇತ, ಇಂದಿಗೂ ಕಾಪಾಡಿಕೊಂಡು ಬಂದಿದ್ದೀರಿ. ನಾನದನ್ನು ಕಲಿಯಲೆಂದು ಕೂತವಳಲ್ಲ, ಯಾರೂ ನನಗದನ್ನು ಹೇಳಿಕೊಡಲಿಲ್ಲ, ಆ ಸೋಪೇ ಈಗ ಮಾರುಕಟ್ಟೆಯಲ್ಲಿಲ್ಲ; ಆದರೂ ಕೇಳದೆಯೇ ತಂದುಕೊಡುವ ತಮ್ಮ ಔದಾರ್ಯ ದೊಡ್ಡದು. ಹಾಗೆಯೇ ಶಾಲೆಯ ವಾರ್ಷಿಕೋತ್ಸವದಲ್ಲಿ ನಾನು ವೇದಿಕೆಯ ಮೇಲೆ ಮಾತು ಮರೆತು ಕಂಬದಂತೆ ನಿಂತ ಪ್ರಸಂಗ. ಮರೆತ ಆ ಮಾತು ಯಾವುದೆಂದು ತಾವು ಇವತ್ತಿನವರೆಗೂ ತಿಳಿಸಿಲ್ಲ, ಆದರೆ ಮರೆತ ಆ ಗಳಿಗೆಯನ್ನು, ಮುಂದಿನ ಸಾಲಿನ ಹೆಂಗಸೊಬ್ಬರು ಬಾಯಿಗೆ ಕೈ ಅಡ್ಡ ಇಡದೆ ಆಕಳಿಸಿದ್ದೂ ಸೇರಿದಂತೆ, ಬಣ್ಣ ಮಾಸದ ಹಾಗೆ ಇಟ್ಟಿದ್ದೀರಿ. ಇನ್ನು ಬಸ್ಸಿನಲ್ಲಿ ಕೊಡೆ ಮರೆತರೆ, ನಾನು ಇಳಿದು, ಬಸ್ಸು ತಿರುವಿನಲ್ಲಿ ಕಣ್ಮರೆಯಾಗುವವರೆಗೂ ಸಭ್ಯತೆಯಿಂದ ಕಾದು, ಆಮೇಲೆ ಮಾತ್ರ ಕಿವಿಯಲ್ಲಿ ‘ಕೊಡೆ’ ಎನ್ನುವ ತಮ್ಮ ಸಂಯಮವನ್ನು ಎಷ್ಟು ಹೊಗಳಿದರೂ ಸಾಲದು. ಮುಂದೆ ಮಾಡಬೇಕಾದದ್ದನ್ನು ನೆನಪಿಸಲೆಂದೇ ತಮ್ಮಲ್ಲಿ ಪ್ರತ್ಯೇಕ ವಿಭಾಗವಿದೆಯಂತೆ. ಅಲ್ಲಿನ ಸಿಬ್ಬಂದಿ ದಿನವೂ ಕೆಲಸಕ್ಕೆ ಬರುತ್ತಾರೆಂಬುದರಲ್ಲಿ ಸಂಶಯವಿಲ್ಲ, ಬರುವ ಹೊತ್ತು ಮಾತ್ರ ಕೊಂಚ ತಡ.

ಇವನ್ನೆಲ್ಲ ನಾನು ಸಹಿಸಿಕೊಂಡೇ ಬಂದಿದ್ದೆ. ಈಗ ಬಾಯಿಬಿಡುವಂತೆ ಮಾಡಿದ್ದು ನಮ್ಮ ಮನೆಯ ತಿಜೋರಿಯ ಪ್ರಸಂಗ.

ತಮಗೆ ಗೊತ್ತಿರುವ ಹಾಗೆ, ಅಂದರೆ ಗೊತ್ತಿರಬೇಕಾದ ಹಾಗೆ, ನನ್ನ ಅಪ್ಪನದು ಕನ್ನಡಕದ ಅಂಗಡಿ. ಮುಚ್ಚಿಹೋದ ಯಾವುದೋ ಕಚೇರಿಯ ಸಾಮಾನು ಹರಾಜಿಗೆ ಬಂದಾಗ ಅವರು ಒಂದು ಹಳೆಯ ಕಬ್ಬಿಣದ ತಿಜೋರಿ ಕೊಂಡು ತಂದು ಒಳಕೋಣೆಯ ಮೂಲೆಯಲ್ಲಿ ಇರಿಸಿದರು. ಅದಕ್ಕೆ ಬೀಗದಕೈ ಇಲ್ಲ. ಅಂಕಿಗಳಿರುವ ಒಂದು ಬಿಲ್ಲೆಯಿದೆ, ಅದನ್ನು ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ, ಮತ್ತೆ ಬಲಕ್ಕೆ ಸರಿಯಾದ ಅಂಕಿಗಳವರೆಗೆ ತಿರುಗಿಸಿದರೆ ಬಾಗಿಲು ತೆರೆಯುತ್ತದೆ. ಹರಾಜಿನವನು ಅಪ್ಪನ ಇಷ್ಟದ ಸಂಖ್ಯೆಯನ್ನೇ ಅದರಲ್ಲಿ ಕೂರಿಸಿಕೊಟ್ಟಿದ್ದನಂತೆ. ಆ ಸಂಖ್ಯೆಯನ್ನು ಎಲ್ಲೂ ಬರೆದಿಡಬಾರದು, ಯಾರಿಗೂ ಹೇಳಬಾರದು ಎಂದು ತೀರ್ಮಾನಿಸಿದ ಅಪ್ಪ, ಅದರ ಜೊತೆಗೆ ಮನೆಯಲ್ಲೊಂದು ಕಾನೂನನ್ನೂ ತಂದರು: ಅವರು ತಿಜೋರಿ ತೆರೆಯುವಾಗ ಅಲ್ಲಿದ್ದವರೆಲ್ಲ ಎದುರಿನ ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕು. ದಿನಾ ಬೆಳಿಗ್ಗೆ ಅಂಗಡಿಯ ಬೀಗದಕೈ ತೆಗೆಯಲು ಅವರು ಒಳಕೋಣೆಗೆ ಬಂದು "ಗೋಡೆ!" ಎನ್ನುವರು, ಅಮ್ಮ, ನಾನು, ಬಂದಿದ್ದರೆ ನೆಂಟರು, ಒಮ್ಮೆ ನಲ್ಲಿ ರಿಪೇರಿಗೆ ಬಂದವನೂ ಸಹ, ತಿರುಗಿ ನಿಲ್ಲುವರು. ನಾನು ಸ್ಲೇಟು ಹಿಡಿಯುವ ವಯಸ್ಸಿನಿಂದ ಪದವಿ ಮುಗಿಸುವವರೆಗೂ ಆ ಗೋಡೆಯನ್ನೇ ನೋಡುತ್ತಾ ಬೆಳೆದವಳು. ನೀರು ಜಿನುಗಿ ಮೂಡಿದ, ಒಂಟೆಯ ಆಕಾರದ ಅದರ ಕಲೆಯನ್ನು ಕಣ್ಣು ಕಟ್ಟಿದರೂ ಬಿಡಿಸಬಲ್ಲೆ.

ತಿಜೋರಿಯೊಳಗೆ ಮನೆಯ ಪತ್ರಗಳು, ಅಮ್ಮನ ಸರ ಮತ್ತು ನನ್ನ ಅಂಕಪಟ್ಟಿಗಳೂ ಪದವಿ ಪ್ರಮಾಣಪತ್ರವೂ ಇದ್ದವು. "ಪೆಟ್ಟಿಗೇಲಿ ಇಡೋಕೆ ಅದೇನು ಹಳೇ ಬಟ್ಟೇನಾ? ಸಾಹಿತ್ಯದಲ್ಲಿ ಮೊದಲನೇ ದರ್ಜೆ ಅಂದ್ರೆ ಚಿನ್ನ ಇದ್ದ ಹಾಗೆ" ಎಂದು ಅಪ್ಪನೇ ಅವನ್ನು ಸರದ ಪಕ್ಕದಲ್ಲಿ ಇಟ್ಟಿದ್ದರು. ಆ ಚಿನ್ನಕ್ಕೆ ಕೆಲಸ ಕೊಡುವವರು ಬಹಳ ಕಾಲ ಯಾರೂ ಸಿಗಲಿಲ್ಲ. ಸಿಕ್ಕಿದಲ್ಲೂ ನಾನು ಸಂದರ್ಶನದ ಕೋಣೆಯಲ್ಲಿ ಬಾಯಿ ತೆರೆಯುವ ಹೊತ್ತಿಗೆ ತಾವು ಊಟಕ್ಕೆ ಎದ್ದುಹೋಗಿರುತ್ತಿದ್ದಿರಿ. ಕೊನೆಗೊಮ್ಮೆ, ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸುವ ಸಂಸ್ಥೆಯೊಂದರಿಂದ ಕರೆ ಬಂತು. ಓದುವ ಕೆಲಸ, ಅದೂ ಒಬ್ಬಳೇ ಕೂತು! ಇಂಥದೊಂದು ಉದ್ಯೋಗ ಭೂಮಿಯ ಮೇಲಿದೆಯೆಂದೇ ನನಗೆ ತಿಳಿದಿರಲಿಲ್ಲ. ಅಸಲು ಪ್ರಮಾಣಪತ್ರಗಳನ್ನು ತರದವರನ್ನು ಸಂದರ್ಶಿಸುವುದಿಲ್ಲ ಎಂದು ಕರೆಪತ್ರದ ಕೊನೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

ಅದೇ ವಾರ ಅಪ್ಪ ಬಿದ್ದರು. ಇದರಲ್ಲಿ ತಮ್ಮ ಇಲಾಖೆಯ, ಅಂದರೆ ಅಪ್ಪನ ತಲೆಯಲ್ಲಿರುವ ತಮ್ಮ ಶಾಖೆಯ, ಪಾತ್ರವಿದೆ. ಅಪ್ಪ ತಿಜೋರಿ ಮುಚ್ಚಿ, ಅಂಗಡಿಯ ಬೀಗದಕೈ ಜೇಬಿಗೆ ಹಾಕಿಕೊಂಡು ಹೊರಡುವಾಗ ಅಮ್ಮ, "ರೀ, ನಡುಮನೆ ಒರೆಸಿದೀನಿ, ಆ ಕಡೆ ಕಾಲಿಡಬೇಡಿ" ಎಂದಿದ್ದರು. "ಆಯ್ತು, ಆ ಕಡೆ ಕಾಲಿಡಲ್ಲ" ಎಂದು ಅಪ್ಪ ಬಾಯಿಬಿಟ್ಟು ಹೇಳಿದ್ದನ್ನು ನಾನೇ ಕೇಳಿದೆ. ಅಷ್ಟರಲ್ಲಿ ಫೋನು ಬಂತು. ಯಾರೋ ಗಿರಾಕಿ, ಅವರ ಫ್ರೇಮು ಸಿದ್ಧವಾಗಿದೆಯೇ, ಬಣ್ಣ ಕಂದೋ ಕಪ್ಪೋ ಎಂದು ವಿಚಾರಿಸಿದರು. ಹೊಸದಾಗಿ ಬಂದ ಮಾತುಗಳನ್ನು ತಾವು ಕೂರಿಸುವ ಮುಂಬಾಗಿಲಿನ ಬೆಂಚು ಎಷ್ಟು ಕಿರಿದೆಂದರೆ, ಕಂದು ಬಣ್ಣದ ಫ್ರೇಮು ಬಂದು ಕೂತ ಕೂಡಲೇ ಒದ್ದೆ ನೆಲ ಬೆಂಚಿನ ಆಚೆ ತುದಿಯಿಂದ ಜಾರಿ ಬಿತ್ತು. ಅದರ ಹಿಂದೆಯೇ ಅಪ್ಪ ಬಿದ್ದರು. ಬಲಗೈ ಮಣಿಕಟ್ಟು ಮುರಿದು, ಬೆರಳುಗಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು.

ಆಸ್ಪತ್ರೆಯಿಂದ ಬಂದು ಟೀ ಕುಡಿದಾದ ಮೇಲೆ ನಾನು ಸಂಕೋಚದಿಂದಲೇ ಸಂದರ್ಶನದ ವಿಷಯ ತೆಗೆದು, ತಿಜೋರಿಯ ನಂಬರು ಹೇಳಿದರೆ ಸಾಕು, ನಾನೇ ತೆರೆದುಕೊಳ್ಳುತ್ತೇನೆ ಎಂದೆ. ಅಪ್ಪ ಗಂಟಲು ಸರಿಮಾಡಿಕೊಂಡರು. ಮೇಲೆ ನೋಡಿದರು. ಫ್ಯಾನಿನಲ್ಲಿ ಏನೂ ಬರೆದಿರಲಿಲ್ಲ. ಪ್ಲಾಸ್ಟರಿನ ಕೈಯನ್ನು ಒಮ್ಮೆ ಗಾಳಿಯಲ್ಲಿ ತಿರುಗಿಸಲು ಹೋಗಿ "ಅಯ್ಯಯ್ಯೋ" ಎಂದರು. ಆಮೇಲೆ ಮೆಲ್ಲಗೆ, "ನಂಬರು ನಂಗೆ ಗೊತ್ತಿಲ್ಲ ಪುಟ್ಟಿ, ಕೈಗೆ ಗೊತ್ತು" ಎಂದರು.

ಮಾನ್ಯರೇ, ಮೂರು ಅಂಕಿಗಳು! ಅವರು ದಿನವೂ ಬಳಸಿದ ಮೂರು ಅಂಕಿಗಳನ್ನು ತಾವು ಅವರಿಗೂ ಹೇಳದೆ ಯಾವಾಗಲೋ ತಲೆಯಿಂದ ಕೈಗೆ ವರ್ಗಾಯಿಸಿಬಿಟ್ಟಿದ್ದಿರಿ. ವರ್ಗಾವಣೆಯ ಆದೇಶದ ಒಂದು ಪ್ರತಿಯನ್ನಾದರೂ ಸಂಬಂಧಪಟ್ಟವರಿಗೆ ಕಳಿಸುವ ಪದ್ಧತಿ ತಮ್ಮಲ್ಲಿ ಇಲ್ಲವೇ? ಅಪ್ಪ ಎಡಗೈಯಲ್ಲಿ ಪ್ರಯತ್ನಿಸಿದರು. ಆ ಕೈ ಜೀವಮಾನದಲ್ಲಿ ಕರವಸ್ತ್ರ ಹಿಡಿದದ್ದು ಬಿಟ್ಟರೆ ಬೇರೆ ಜವಾಬ್ದಾರಿ ಹೊತ್ತದ್ದಲ್ಲ. ಬಿಲ್ಲೆಯ ಮುಂದೆ ಅದು ಪರೀಕ್ಷೆಗೆ ಓದದೆ ಬಂದ ವಿದ್ಯಾರ್ಥಿಯಂತೆ ಒದ್ದಾಡಿತು.

ಆಗ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದರು. "ಇದಕ್ಕೆ ಇಷ್ಟೊಂದು ಯೋಚನೆ ಯಾಕೆ? ಅವರು ಏನಿಟ್ಟಿರ್ತಾರೆ ಅಂತ ನಂಗೊತ್ತಿಲ್ವಾ?" ಎಂದು ನಸುನಾಚಿ, ನಮ್ಮನ್ನು ಗೋಡೆಗೆ ತಿರುಗಿಸಿ, ತಮ್ಮ ಮದುವೆಯ ತಾರೀಖು, ತಿಂಗಳು, ಇಸವಿಯನ್ನು ಒಂದೊಂದಾಗಿ ತಿರುಗಿಸಿದರು. ಬಾಗಿಲು ಅಲುಗಲಿಲ್ಲ. ಇನ್ನೊಮ್ಮೆ ತಿರುಗಿಸಿದರು. "ಹಾಗಾದ್ರೆ ಯಾವ ತಾರೀಖು ಇಟ್ಟಿದೀರಿ, ಈಗಲೇ ಹೇಳಿ" ಎಂದರು ಅಮ್ಮ. "ನೆನಪಿದ್ರೆ ತಾನೇ ಹೇಳೋದು?" ಎಂದರು ಅಪ್ಪ. ಸತ್ಯವನ್ನು ಅಷ್ಟು ಪ್ರಾಮಾಣಿಕವಾಗಿ ಹೇಳಿಯೂ ಅಷ್ಟು ಕೆಟ್ಟದಾಗಿ ಸಿಕ್ಕಿಬಿದ್ದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಆ ವಾರವಿಡೀ ಅಪ್ಪನ ಟೀಗೆ ಸಕ್ಕರೆ ಬೀಳಲಿಲ್ಲ. ಹಾಕುವುದು ಮರೆತೆ ಎಂದು ಅಮ್ಮ ತಪ್ಪನ್ನು, ಮಾನ್ಯರೇ, ತಮ್ಮ ಮೇಲೇ ಹಾಕಿದರು.

ಮರುದಿನ ಸೋದರಮಾವ ಬಂದರು. ಅಮ್ಮನ ತಮ್ಮನಾದ ಅವರಿಗೆ ನಡೆದದ್ದೆಲ್ಲ ನೆನಪಿರುತ್ತದೆ. ನಡೆಯದೇ ಇದ್ದದ್ದು ಇನ್ನೂ ಚೆನ್ನಾಗಿ ನೆನಪಿರುತ್ತದೆ. "ಭಾವ, ತಿಜೋರಿ ತಂದ ದಿನ ಲಾರಿಯಿಂದ ಇಳಿಸಿದ್ದೇ ನಾನು. ಹರಾಜಿನವನು ನಿಮ್ಮ ಕಿವೀಲಿ ನಂಬರು ಹೇಳಿದ್ದು ನನಗೂ ಕೇಳಿಸ್ತು" ಎಂದು ಅವರು ಕುರ್ಚಿ ಎಳೆದುಕೊಂಡರು. ಅವತ್ತು ಮಳೆ ಬರುತ್ತಿತ್ತು ಎಂದರು. ಲಾರಿಯ ಬಣ್ಣ ಹಸಿರು ಎಂದರು. ಎರಡನೆಯ ಸಲ ಹೇಳುವಾಗ ಲಾರಿಯ ಚಾಲಕನಿಗೆ ಮೀಸೆ ಬಂತು, ಮೂರನೆಯ ಸಲ ತಿಜೋರಿ ಅವರ ಕಾಲ್ಬೆರಳಿನ ಮೇಲೆ ಬಿದ್ದು ಉಗುರು ಹೋಯಿತು. ಅವರು ಹೇಳಿದ ನಂಬರುಗಳನ್ನೆಲ್ಲ ತಿರುಗಿಸಿ ನನ್ನ ಬೆರಳುಗಳೇ ಸೋತವು. ಕೊನೆಗೆ ಅಮ್ಮ, "ಅದು ಮಂಚ ತಂದ ದಿನ ಕಣೋ. ತಿಜೋರಿ ತಂದಾಗ ನೀನು ಊರಲ್ಲೇ ಇರ್ಲಿಲ್ಲ" ಎಂದರು. ಮಾವ ಸ್ವಲ್ಪವೂ ನೊಂದುಕೊಳ್ಳದೆ, "ಹಾಗಾದ್ರೆ ಉಗುರು ಹೋಗಿದ್ದು ಮಂಚದಿಂದ" ಎಂದು ತಮ್ಮ ಇತಿಹಾಸವನ್ನು ಅಲ್ಲೇ ತಿದ್ದಿಕೊಂಡು, ಗ್ಯಾಸ್ ಕಟರ್ ತರಿಸಿ ತಿಜೋರಿಯನ್ನು ಕೊಯ್ದುಬಿಡುವ ಸಲಹೆ ಕೊಟ್ಟರು. "ಮೊದಲು ನನ್ನ ಪ್ಲಾಸ್ಟರ್ ಕೊಯ್ಸು, ಆಮೇಲೆ ಅದರ ಹತ್ತಿರ ಹೋಗು" ಎಂದರು ಅಪ್ಪ. ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಸಂದರ್ಶನ ಮುಗಿದಿರುತ್ತಿತ್ತು. ವಿಶ್ವವಿದ್ಯಾಲಯದಿಂದ ನಕಲು ಪ್ರಮಾಣಪತ್ರ ಬರುವ ಹೊತ್ತಿಗೆ ಬಹುಶಃ ಕೆಲಸದ ವಯಸ್ಸೇ ಮುಗಿದಿರುತ್ತಿತ್ತು. ನಾನು ಅಡುಗೆಮನೆಯ ಕಿಟಕಿಯ ಬಳಿ ನಿಂತು, ಒಬ್ಬಳೇ ಕೂತು ಓದುವ ಆ ಕೋಣೆ ಹೇಗಿರಬಹುದು ಎಂದು ಊಹಿಸುವುದನ್ನು ನಿಲ್ಲಿಸಲು ಪ್ರಯತ್ನಿಸುತ್ತಿದ್ದೆ.

ಈ ಹಂತದಲ್ಲಿ ಮಹಡಿ ಮೇಡಂ ಇಳಿದು ಬಂದರು. ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದು ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವ ಅವರು ಬೆಂಕಿಪೊಟ್ಟಣ ಕೇಳಲು ಬಂದವರು, ವಿಷಯ ಕೇಳಿ ಬೆಂಕಿಪೊಟ್ಟಣವನ್ನೇ ಮರೆತರು. ತಮ್ಮ ಕಚೇರಿಯ ಒಳಾಡಳಿತ ನನಗೆ ತಿಳಿದದ್ದು ಅವರಿಂದಲೇ. ಕಣ್ಣು ಕಿವಿಗಳಿಗೆ ಬಿದ್ದದ್ದನ್ನು ರೆಪ್ಪೆ ಬಡಿಯುವಷ್ಟು ಹೊತ್ತು ಹಿಡಿದು ಬಿಟ್ಟುಬಿಡುವ ಬಾಗಿಲ ಕಾವಲುಗಾರನೊಬ್ಬ. ಗಮನ ಕೊಟ್ಟದ್ದನ್ನು ಕೊಂಚ ಹೊತ್ತು ಕೂರಿಸುವ, ನಾನು ಮೇಲೆ ಹೇಳಿದ ಕಿರಿದಾದ ಬೆಂಚು. ಅದರ ಹಿಂದೆ ಕೊನೆ ಕಾಣದ ಉಗ್ರಾಣ. ಉಗ್ರಾಣದಲ್ಲೂ ಒಂದು ಕಡೆ ನಡೆದ ಘಟನೆಗಳು, ಇನ್ನೊಂದು ಕಡೆ ನೀರು ಕುದಿಯುತ್ತದೆ, ಒಂಟೆಗೆ ಡುಬ್ಬವಿದೆ ಎಂಬಂಥ, ಯಾವಾಗ ಕಲಿತೆವೆಂದು ಗೊತ್ತಿಲ್ಲದ ತಿಳಿವಳಿಕೆಗಳು. ಇವೆರಡೂ ಕೇಳಿದರೆ ಬಾಯಿಬಿಡುತ್ತವೆ. ಆದರೆ ನೆಲಮಾಳಿಗೆಯಲ್ಲಿ ಒಂದು ಕಾರ್ಖಾನೆಯಿದೆಯಂತೆ. ಅಲ್ಲಿಯವರು ಕೆಲಸ ಮಾಡುತ್ತಾರೆ, ಮಾತಾಡುವುದಿಲ್ಲ. "ಅಂಕಲ್, ನಿಮ್ಮ ನಂಬರು ಅಲ್ಲಿಗೆ ಇಳಿದುಹೋಗಿದೆ. ಸೈಕಲ್ ಮೇಲೆ ಹೇಗೆ ಬೀಳದೆ ಕೂತ್ಕೋತೀರಿ ಅಂತ ಕೇಳಿದ್ರೆ ಹೇಳೋಕಾಗತ್ತಾ?" ಎಂದು ಮೇಡಂ ಕೇಳಿದರು. "ನಾನು ಬಿದ್ದಿದ್ದು ಸೈಕಲ್ಲಿಂದ ಅಲ್ಲಮ್ಮ, ಇವಳು ಒರೆಸಿದ ನೆಲದ ಮೇಲೆ" ಎಂದರು ಅಪ್ಪ.

ಮೇಡಂ ಸೂಚಿಸಿದ ಉಪಾಯವೆಂದರೆ, ದಿನನಿತ್ಯದ ಬೆಳಗನ್ನು ಇದ್ದ ಹಾಗೆಯೇ ಮತ್ತೆ ಕಟ್ಟುವುದು. ಒಂದು ವಿಷಯವನ್ನು ಎಲ್ಲಿ, ಯಾವ ಸದ್ದಿನ ನಡುವೆ, ಯಾವ ವಾಸನೆಯಲ್ಲಿ ಒಳಗೆ ಹಾಕಿದ್ದೇವೋ, ಅವೇ ಮತ್ತೆ ಸಿಕ್ಕಿದರೆ ಅದು ಹೊರಗೆ ಬರುವ ಸಾಧ್ಯತೆ ಹೆಚ್ಚಂತೆ. ಮಾನ್ಯರೇ, ಇಷ್ಟು ದೊಡ್ಡ ಕಚೇರಿ ನಡೆಸುತ್ತಾ, ಕಡತ ಬೇಕೆಂದರೆ ಅದನ್ನು ಕೊಟ್ಟ ದಿನದ ಹಾಲಿನ ವಾಸನೆಯನ್ನೂ ತನ್ನಿ ಎನ್ನುವುದು ಯಾವ ನ್ಯಾಯ? ಇರಲಿ. ಸಂದರ್ಶನದ ಹಿಂದಿನ ದಿನ ಬೆಳಿಗ್ಗೆ ನಾವು ನಾಟಕ ಹೂಡಿದೆವು. ರೇಡಿಯೋ ಹಾಕಿದೆವು, ಒಲೆಯ ಮೇಲೆ ಹಾಲಿಟ್ಟೆವು. ಅಪ್ಪ ಸ್ನಾನ ಮಾಡಿ ಹೆಗಲಿಗೆ ಟವೆಲು ಹಾಕಿಕೊಂಡು ಬರಿಗಾಲಲ್ಲಿ ತಿಜೋರಿಯ ಮುಂದೆ ನಿಂತರು. ಅಮ್ಮ ಅಡುಗೆಮನೆಯಿಂದ ಕೂಗಬೇಕಿತ್ತು, ಆದರೆ ಮೇಡಂ ಇದ್ದಾರೆಂಬ ಸಂಕೋಚಕ್ಕೆ, "ತಾವು ಊಟದ ಡಬ್ಬಿ ತೆಗೆದುಕೊಂಡಿರಾ?" ಎಂದು ರೇಡಿಯೋದ ವಾರ್ತೆಯವರಂತೆ ವಿಚಾರಿಸಿದರು. "ಹೀಗಲ್ಲ ಕಣೆ, ದಿನಾ ಬೈಯೋ ಹಾಗೆ ಬೈಯಿ" ಎಂದರು ಅಪ್ಪ. ಅನುಮತಿ ಸಿಕ್ಕಿದ ಮೇಲೆ ಅಮ್ಮ, ಮದುವೆಯ ತಾರೀಖಿನ ಬಾಕಿಯನ್ನೂ ಸೇರಿಸಿ, "ಡಬ್ಬಿ ಇಲ್ಲೇ ಬಿದ್ದಿದೆ! ನಿಮ್ಮ ತಲೆ ಕುತ್ತಿಗೆಗೆ ಅಂಟಿಕೊಂಡಿದೆ ಅಂತ ಬಚಾವು, ಇಲ್ದಿದ್ರೆ ಅದನ್ನೂ ಮರೆತು ಅಂಗಡಿಗೆ ಹೋಗ್ತಿದ್ರಿ!" ಎಂದು ಕೂಗಿದರು. ಅದು ಕಿವಿಗೆ ಬಿದ್ದದ್ದೇ ತಡ, ಅಪ್ಪನ ಬಲ ಹೆಗಲು ತಾನೇ ತಾನಾಗಿ ಮುಂದೆ ಸರಿಯಿತು, ಬಾಯಿ ತಾನೇ ತಾನಾಗಿ "ಗೋಡೆ!" ಎಂದಿತು. ನಾವೆಲ್ಲ ತಿರುಗಿದೆವು. ಮೇಡಂ ಕೂಡ ಏನೂ ಕೇಳದೆ ತಿರುಗಿದರು.

ಒಂಟೆಯ ಕಲೆಯನ್ನು ನೋಡುತ್ತಾ ನಿಂತ ನನಗೆ ಏನೋ ಕೊರತೆಯೆನಿಸಿತು. ಹೆಗಲು ಚಲಿಸಿತ್ತು, ಆದರೆ ಪ್ಲಾಸ್ಟರಿನೊಳಗಿನ ಮಣಿಕಟ್ಟು ತಿರುಗಿರಲಿಲ್ಲ. ಬಿಲ್ಲೆಯ ಸದ್ದು ಬರಲಿಲ್ಲ. ಯಾವ ಸದ್ದು ಬರಬೇಕಿತ್ತು ಎಂದು ಯಾರಾದರೂ ಕೇಳಿದ್ದರೆ ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಆದರೆ ನನ್ನ ಕಿವಿಗಳು ಅದಕ್ಕಾಗಿ ಕಾಯುತ್ತಿದ್ದವು. ಮೊದಲು ದಟ್ಟವಾಗಿ ಓಡುವ ಟಿಕಟಿಕ. ಅಪ್ಪ ಗಂಟಲು ಸರಿಮಾಡಿಕೊಳ್ಳುವಷ್ಟು ಬಿಡುವು. ಹಿಂದಕ್ಕೆ ಬರುವ, ಸ್ವಲ್ಪ ಒರಟಾದ ಚಿಕ್ಕ ಓಟ. ಮತ್ತೆ ಮುಂದಕ್ಕೆ ತಡವರಿಸುವ ನಾಲ್ಕಾರು ಹೆಜ್ಜೆ. ಆಮೇಲೆ ಎದೆಯೊಳಗೆ ಬಿದ್ದಂಥ ಒಂದು ‘ಟಪ್’. ಗುಟ್ಟು ಕಾಯಲೆಂದು ಅಪ್ಪ ಕಣ್ಣುಗಳನ್ನು ಗೋಡೆಗೆ ತಿರುಗಿಸಿದ್ದರು. ಕೆಲಸವಿಲ್ಲದ ಕಿವಿಗಳನ್ನು ತಾವು ಸದ್ದಿಲ್ಲದೆ ಪಾಠಕ್ಕೆ ಕೂರಿಸಿದ್ದಿರಿ. ನಾನು ಮುಖ ತಿರುಗಿಸದೆಯೇ ಹಿಂದಕ್ಕೆ ಸರಿದು, ಕೈಯನ್ನು ಬೆನ್ನ ಹಿಂದೆ ಚಾಚಿದೆ. ಅಪ್ಪ ನನ್ನ ಬೆರಳುಗಳನ್ನು ಬಿಲ್ಲೆಯ ಮೇಲೆ ಇರಿಸಿದರು. ತಪ್ಪಿದಾಗ ಹಾಡಿನ ಸಾಲು ತಪ್ಪಿದಂತೆ ಕಿವಿ ಮುಖ ಸಿಂಡರಿಸುತ್ತಿತ್ತು, ಮತ್ತೆ ಮೊದಲಿಂದ ತಿರುಗಿಸುತ್ತಿದ್ದೆ. ಎಷ್ಟು ಸಲ ತಪ್ಪಿತೋ ತಾವೇ ಬಲ್ಲಿರಿ. ಕೊನೆಗೆ ‘ಟಪ್’ ಎಂದಿತು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿತು. ಯಾರೂ ಅತ್ತ ಹೋಗಲಿಲ್ಲ.

ತಮ್ಮ ಬಗ್ಗೆ ನನಗೆ ಆಗ ಹುಟ್ಟಿದ ಗೌರವವನ್ನು ತಾವು ಇಪ್ಪತ್ತನಾಲ್ಕು ಗಂಟೆ ಕೂಡ ಉಳಿಸಿಕೊಳ್ಳಲಿಲ್ಲ. ಮರುದಿನ ಪ್ರಮಾಣಪತ್ರಗಳನ್ನು ಮಡಿಲಲ್ಲಿಟ್ಟುಕೊಂಡು ಕೂತ ನನ್ನನ್ನು ಸಂಸ್ಥೆಯ ಮುಖ್ಯಸ್ಥೆ ಅತ್ಯಂತ ಮೃದುವಾಗಿ, "ನಿಮಗೆ ತುಂಬಾ ಇಷ್ಟವಾದ ಪುಸ್ತಕ ಯಾವುದಮ್ಮ?" ಎಂದು ಕೇಳಿದರು. ಉತ್ತರ ನಾಲಿಗೆಯ ತುದಿಗೆ ಬಂತು. ಹೊದಿಕೆಯ ಬಣ್ಣ ಬಂತು, ಹೆಸರು ಎಷ್ಟು ಉದ್ದವೆಂಬುದು ಬಂತು, ಯಾವ ಪುಟದಲ್ಲಿ ಅತ್ತಿದ್ದೆ ಎಂಬುದು ಬಂತು. ಹೆಸರೊಂದು ಬರಲಿಲ್ಲ. ನಾನು ಒಳಗೊಳಗೇ ತಮ್ಮ ಬಾಗಿಲು ಬಡಿದೆ. ಬಹಳ ಹುಡುಕಾಟದ ನಂತರ ತಾವು ಹಸನ್ಮುಖರಾಗಿ ತಂದುಕೊಟ್ಟದ್ದು ಸೋಪಿನ ಹಾಡು, ನೊರೆಯ ಸದ್ದಿನ ಸಮೇತ. ಹಾಡಿದ್ದರೆ ಮನೆಗೆ ಕಳಿಸುತ್ತಿದ್ದರು, ಹಾಡದಿದ್ದರೂ ಕಳಿಸುವವರಿದ್ದರು. ಎದುರಿಗಿದ್ದವರಲ್ಲಿ ಒಬ್ಬರು ಆಗಲೇ ಮುಂದಿನ ಅಭ್ಯರ್ಥಿಯ ಅರ್ಜಿ ತಿರುವುತ್ತಿದ್ದರು. ನಾನು ಹೇಗೆ ಹೇಳಿದೆನೋ ತಿಳಿಯದು: "ಮೇಡಂ, ತಪ್ಪು ತಿಳ್ಕೋಬೇಡಿ, ಸ್ವಲ್ಪ ಗೋಡೆ ಕಡೆ ತಿರುಗಿ ಹೇಳಲಾ?"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಬೇಕು. ನಾನಾಗಲೇ ಕುರ್ಚಿ ತಿರುಗಿಸಿದ್ದೆ. ಸುಣ್ಣ ಬಳಿದ ಖಾಲಿ ಗೋಡೆ. ಒಂಟೆ ಇರಲಿಲ್ಲ, ಅದರ ಜಾಗದಲ್ಲಿ ಒಂದು ಮೊಳೆ ಇತ್ತು. ಪುಸ್ತಕದ ಹೆಸರು ಬಂತು, ಬರೆದವರ ಹೆಸರು ಬಂತು, ಮೊದಲ ಪುಟ ತಾನಾಗಿ ತೆರೆದುಕೊಂಡಿತು. ಅದನ್ನು ಹಾಗೆಯೇ ಹೇಳುತ್ತಾ ಹೋದೆ. ಸಾಕು ಎಂದು ಯಾರೂ ಹೇಳದ ಕಾರಣ ಎರಡನೆಯ ಪುಟಕ್ಕೂ ಹೋದೆ. ನಿಲ್ಲಿಸಿದಾಗ, ಅಲ್ಲಿ ಧ್ವನಿಮುದ್ರಣ ಮಾಡುವ, ಎಲ್ಲರೂ ರೆಕಾರ್ಡಿಂಗ್ ಅಣ್ಣ ಎಂದು ಕರೆಯುವವರು, "ಮೇಡಂ, ನಮ್ಮಲ್ಲಿ ಮೈಕ್ ಇರೋದೂ ಗೋಡೆ ಕಡೆಗೇ. ಬಂದವರೆಲ್ಲ ಗಾಜಿನ ಆಚೆ ಇರೋ ನನ್ನ ಮುಖ ನೋಡ್ಕೊಂಡು ತೊದಲ್ತಾರೆ. ಈ ಹುಡುಗಿ ಗೋಡೆನೇ ಕೇಳಿ ಇಸ್ಕೊಂಡಳಲ್ಲ!" ಎಂದರು. ನಾನು ತಿರುಗಿ ನೋಡಿದಾಗ ಮುಖ್ಯಸ್ಥೆ ನಗುತ್ತಿದ್ದರು.

ಇಲ್ಲಿಗೆ ಈ ಪತ್ರ ಮುಗಿಯಬೇಕಿತ್ತು. ನೇಮಕದ ಆದೇಶ ಬಂದಾಗ ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದರು. ತಿಜೋರಿ ತೆರೆದಂದಿನಿಂದ, ಮತ್ತೆ ಮುಚ್ಚಿಕೊಳ್ಳದಿರಲೆಂದು ಅಪ್ಪ ಅದರ ಬಾಗಿಲಿಗೆ ತಮ್ಮ ಹಳೆಯ ಚಪ್ಪಲಿಯೊಂದನ್ನು ಸಿಕ್ಕಿಸಿದ್ದರು. "ಶುಭ ಸಮಾಚಾರ ಬಂದ ದಿನ ಇಲ್ಲೊಂದು ಚಪ್ಪಲಿ!" ಎಂದು ಗೊಣಗುತ್ತಾ ಅಮ್ಮ ಅದನ್ನು ತೆಗೆದು ಹೊರಗಿಟ್ಟು, ಆದೇಶವನ್ನು ಒಳಗಿಟ್ಟು, ಬಾಗಿಲು ಮುಚ್ಚಿ, ಬಿಲ್ಲೆಯನ್ನು ಗರಗರನೆ ತಿರುಗಿಸಿ ಬಂದು, "ಭದ್ರವಾಗಿ ಇಟ್ಟೆ" ಎಂದರು. ಅಪ್ಪ ಚಪ್ಪಲಿ ನೋಡಿದರು. ನಾನು ಅಪ್ಪನನ್ನು ನೋಡಿದೆ. ಕೆಲಸಕ್ಕೆ ಸೇರುವ ದಿನ ಆ ಆದೇಶದ ಅಸಲನ್ನು ತೋರಿಸಬೇಕಿತ್ತು. ನಮ್ಮ ನೋಟದಿಂದಲೇ ವಿಷಯ ತಿಳಿದ ಅಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ಅಯ್ಯೋ ಪುಟ್ಟಿ, ನನ್ನ ಕೈಯಾರೆ..." ಎಂದು ಹಣೆ ಚಚ್ಚಿಕೊಂಡರು.

ನಾನು ಗೋಡೆಗೆ ಮುಖ ಮಾಡಿ ಪ್ರಯತ್ನಿಸಿದೆ. ಆದರೆ ಈಗ ನನಗೆ ನನ್ನ ಕಿವಿಯ ವಿದ್ಯೆಯ ಬಗ್ಗೆ ಗೊತ್ತಾಗಿಬಿಟ್ಟಿತ್ತು. ಎಷ್ಟು ಗಮನವಿಟ್ಟು ಆಲಿಸಿದೆನೋ ಅಷ್ಟೂ ಸದ್ದುಗಳು ಒಂದೇ ತೆರನಾಗಿ ಕೇಳಿಸಿದವು. ಅಪ್ಪನ ಪ್ಲಾಸ್ಟರ್ ಬಿಚ್ಚಿದ ಮೇಲೂ ಅದೇ ಕಥೆ. ಅವರು ಬಿಲ್ಲೆಗೆ ಕೈಯಿಟ್ಟರೆ ನಾವೆಲ್ಲ ಉಸಿರು ಬಿಗಿಹಿಡಿದು ನಿಲ್ಲುವೆವು, ಅವರು ಕೈಯನ್ನೇ ದಿಟ್ಟಿಸುವರು, ಕೈ ಬೆಪ್ಪಾಗಿ ನಿಲ್ಲುವುದು. "ಹೀಗೆ ಕಾಯ್ತಾ ನಿಂತ್ರೆ ಕೈಗೆ ನಾಚಿಕೆಯಾಗಲ್ವಾ? ಅದೂ ಪುಟ್ಟಿ ಥರಾನೇ" ಎಂದು ಅವರು ಎದ್ದುಹೋದರು.

ಸೇರಬೇಕಾದ ದಿನ ಬೆಳಗಾಯಿತು. ಆದೇಶವಿಲ್ಲದೆಯೇ ಹೋಗಿ ಕಥೆ ಹೇಳಿಕೊಳ್ಳುವುದೆಂದು ನಿರ್ಧರಿಸಿ ನಾನು ಒಳಕೋಣೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದೆ. ಅಪ್ಪ ಅಭ್ಯಾಸಬಲದಿಂದ ಅಂಗಡಿಯ ಬೀಗದಕೈಗಾಗಿ ಅಲ್ಲಿಗೆ ಬಂದರು. ಅದು ತಮ್ಮ ಜೇಬಿನಲ್ಲೇ ಇದೆಯೆಂಬುದು ಅವರಿಗೆ ಮರೆತಿತ್ತು. ಅಮ್ಮ ಅಡುಗೆಮನೆಯಿಂದ, ಈ ಸಲ ನಿಜವಾದ ಸಿಟ್ಟಿನಲ್ಲಿ, "ಡಬ್ಬಿ ಮತ್ತೆ ಇಲ್ಲೇ ಬಿಟ್ಟಿದೀರಲ್ರೀ!" ಎಂದು ಕೂಗಿದರು. "ತಗೋತೀನಿ ಕಣೆ, ಬಾಯಿ ಮಾಡ್ಬೇಡ!" ಎಂದು ಅಪ್ಪ ಅತ್ತ ತಿರುಗಿ ಕೂಗುತ್ತಿರುವಾಗಲೇ ಇತ್ತ ಅವರ ಕೈ ಬಿಲ್ಲೆಯ ಮೇಲೆ ಕೂತು ತನ್ನ ಪಾಡಿಗೆ ತಿರುಗತೊಡಗಿತ್ತು. "ಗೋಡೆ!" ಎಂದರು. ನಾನು ಬಾಚಣಿಗೆ ಹಿಡಿದೇ ತಿರುಗಿದೆ. ದಟ್ಟವಾದ ಟಿಕಟಿಕ ಓಡಿತು, ಗಂಟಲು ಸರಿಮಾಡಿಕೊಂಡರು. ಆ ಬಿಡುವಿನಲ್ಲಿ, ಬಿಲ್ಲೆಯಿಂದ ಕೈ ತೆಗೆಯದೆ, ಹೆಚ್ಚೇನೂ ಯೋಚಿಸದವರ ದನಿಯಲ್ಲಿ, "ನೀನು ಬೇಡ ಪುಟ್ಟಿ. ನೀನು ಇಲ್ಲಿ ನೋಡು. ಇನ್ಮೇಲೆ ನಿನಗೂ ಗೊತ್ತಿರ್ಲಿ" ಎಂದರು.

ನಾನು ತಿರುಗಿ ನೋಡಿದೆ. ಬಾಗಿಲು ತೆರೆಯಿತು, ಆದೇಶ ನನ್ನ ಕೈಗೆ ಬಂತು, ನಾನು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಸೇರಿದೆ. ಬಸ್ಸಿನಲ್ಲಿ ಕೂತ ಮೇಲೆ ಆ ಮೂರು ಅಂಕಿಗಳನ್ನು ಒಮ್ಮೆ ಹೇಳಿಕೊಳ್ಳೋಣವೆಂದು ತಮ್ಮನ್ನು ಕೇಳಿದರೆ, ಮಾನ್ಯರೇ, ತಾವು ಒಂದನ್ನೂ ಬರೆದುಕೊಂಡಿರಲಿಲ್ಲ! ಕಣ್ಣೆದುರಿಗೇ ನಡೆದದ್ದನ್ನು! ಅದರ ಬದಲು ತಾವು ಜೋಪಾನವಾಗಿ ಎತ್ತಿಟ್ಟುಕೊಂಡದ್ದು, ಪ್ಲಾಸ್ಟರಿನೊಳಗಿದ್ದು ಸಣ್ಣಗಾಗಿ ಬೆಳ್ಳಗಾದ ಅಪ್ಪನ ಮಣಿಕಟ್ಟನ್ನು, ಬಾಗಿಲ ಸಂದಿಯಲ್ಲಿ ಊಟದ ಡಬ್ಬಿ ಹಿಡಿದು ಬಂದು ನಿಂತ ಅಮ್ಮ ಅಭ್ಯಾಸದಂತೆ ಗೋಡೆಗೆ ಮುಖ ಮಾಡಿಕೊಂಡೇ ಕಣ್ಣೊರೆಸಿಕೊಂಡದ್ದನ್ನು. ಕೇಳಿದ್ದೊಂದು, ಕೊಟ್ಟದ್ದೊಂದು. ಇದೇ ನನ್ನ ದೂರು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಹೀಗಿವೆ. ಸೋಪಿನ ಹಾಡನ್ನು ತಾವು ಇಷ್ಟಪಟ್ಟವರಿಗೆ ದಾನ ಮಾಡಬಹುದು. ಆಕಳಿಸಿದ ಹೆಂಗಸನ್ನು ಗೌರವಪೂರ್ವಕವಾಗಿ ಮನೆಗೆ ಕಳಿಸಿಕೊಡಬೇಕು. ಕೊಡೆಯ ವಿಭಾಗದವರಿಗೆ ಬಸ್ಸು ಹೊರಡುವ ಮೊದಲೇ ಹಾಜರಾಗಲು ಆದೇಶಿಸಬೇಕು. ಆ ಬೆಳಗಿನ ಚಿತ್ರವನ್ನು ಮಾತ್ರ ತಾವೇ ಇಟ್ಟುಕೊಳ್ಳಿ, ಅಂಕಿಗಳ ಬದಲಾಗಿ ನಾನದನ್ನು ಒಪ್ಪಿಕೊಂಡಿದ್ದೇನೆ. ಆದರೆ ಯಾವುದನ್ನೇ ಹೊರಗೆ ತೆಗೆದರೂ ಒಳಗಿಡುವ ಮುನ್ನ ಅದರ ಮೇಲೆ ಚೂರು ಹೊಸ ಬಣ್ಣ ಬಳಿಯುವ ಕುಂಚದವನೊಬ್ಬ ತಮ್ಮಲ್ಲಿದ್ದಾನೆಂದೂ, ಮಾವನ ಲಾರಿಗೆ ಹಸಿರು ಬಳಿದವನು ಅವನ ಅಣ್ಣನೇ ಎಂದೂ ಮಹಡಿ ಮೇಡಂ ಹೇಳಿದ್ದಾರೆ. ನಾನು ಈ ಚಿತ್ರವನ್ನು ಪದೇ ಪದೇ ಹೊರತೆಗೆಯುವವಳಿದ್ದೇನೆ. ದಯವಿಟ್ಟು ಇದೊಂದರ ಹತ್ತಿರ ಅವನನ್ನು ಬಿಡಬೇಡಿ.

ತಮ್ಮ ಮರೆವಿಗೆ ಹೊಂದಿಕೊಂಡೇ ಬಾಳಬೇಕಾದ,
ತಮ್ಮ ವಿಶ್ವಾಸಿ,
ಗೋಡೆ ನೋಡಿಕೊಂಡು ಓದುವವಳು

ವಿ.ಸೂ.: ಈ ಪತ್ರವನ್ನು ಅಪ್ಪನಿಗೆ ತೋರಿಸಿದೆ. ಓದಿ, ಕನ್ನಡಕ ಒರೆಸಿಕೊಂಡು, "ಚೆನ್ನಾಗಿದೆ, ಭದ್ರವಾಗಿರ್ಲಿ" ಎಂದು ಅದನ್ನು ತಿಜೋರಿಯಲ್ಲಿಟ್ಟು ಮುಚ್ಚಿದರು. ಆಮೇಲೆ ಯಾರೋ ಚಪ್ಪಲಿಯ ಬಗ್ಗೆ ಕೇಳಿದರು. ಹೀಗಾಗಿ ಇಲ್ಲಿರುವುದು ನಾನು ನೆನಪಿನಿಂದ ಮತ್ತೆ ಬರೆದ ಪ್ರತಿ. ಇದರಲ್ಲಿ ಏನಾದರೂ ತಪ್ಪಿದ್ದರೆ ಅದು ಮಾನ್ಯ ನೆನಪಿನ ಕಚೇರಿಯದೇ ಎಂದು ಓದುಗರು ದಯವಿಟ್ಟು ತಿಳಿಯಬೇಕು.